ಒಲೆ ಇದ್ದ ಜಾಗದ ಕಾರಂಜಿ

"ಅಮ್ಮಾ, ಮಸ್ತುರಾ ಅಜ್ಜಿ ದಿನಾ ಕಾರಂಜಿಗೆ ಯಾಕೆ ಉಗೀತಾರೆ?"

ಶಾಹ್ಲೋ ಮಗಳು ಇರೋದಾಳ ಜಡೆ ಹೆಣೆಯುತ್ತಿದ್ದಳು. "ಹಾಗಾದ್ರೂ ಒದ್ದೆ ಆಗ್ಲಿ ಅಂತ" ಎಂದಳು. ಹುಡುಗಿ ಕಿಲಕಿಲ ನಕ್ಕಳು. ಶಾಹ್ಲೋಗೆ ನಗು ಬರಲಿಲ್ಲ.

ಫರ್ಗಾನಾ ಕಣಿವೆಯ ಆ ಸಣ್ಣ ಊರಿನಲ್ಲಿ, ಈಗ ಒಣ ಕಾರಂಜಿ ನಿಂತಿರುವ ಕಡೆ, ಹೋದ ವಸಂತದವರೆಗೂ ಇಡೀ ಓಣಿಯ ತಂದೂರಿ ಒಲೆ ಇತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಮಸ್ತುರಾ ತನ್ನ ಅತ್ತೆಯ ಜೊತೆ ಮಣ್ಣಿಗೆ ಕುರಿಯ ಉಣ್ಣೆ ಬೆರೆಸಿ, ತುಳಿದು ಕಟ್ಟಿದ ಒಲೆ. ಗಂಡ ಸತ್ತ ಮೇಲೆ ಅವಳ ಮಕ್ಕಳನ್ನು ಸಾಕಿದ್ದೂ ಅದೇ. ಅದರ ಉರಿಯೊಳಗೆ ಬಗ್ಗಿ ಬಗ್ಗಿ ರೊಟ್ಟಿ ಬಡಿದು ಅವಳ ಬಲಗೈಯಲ್ಲಿ ಒಂದು ರೋಮವೂ ಉಳಿದಿರಲಿಲ್ಲ. ಓಣಿಯ ಹೆಂಗಸರು ಅಲ್ಲಿಗೆ ಹಿಟ್ಟು ಹೊತ್ತು ಬರುತ್ತಿದ್ದರು, ಸುದ್ದಿ ಹೊತ್ತು ಹೋಗುತ್ತಿದ್ದರು. ಇರೋದಾಳನ್ನು ತೊಟ್ಟಿಲಿಗೆ ಹಾಕಿದ ದಿನದ ರೊಟ್ಟಿ ಬೆಂದದ್ದೂ ಅಲ್ಲೇ.

ಓಣಿಯನ್ನು ಹೊಸದು ಮಾಡಲು ಸರ್ಕಾರದ ದುಡ್ಡು ಬಂತು. ಮೊಹಲ್ಲಾದ ಮುಖ್ಯಸ್ಥ ಹೋಶಿಮ್ "ನಮಗೇನು ಬೇಕು?" ಎಂದು ಕೇಳಿದ್ದು ಮುಂಜಾನೆಯ ಪಲಾವಿನ ಪಂಕ್ತಿಯಲ್ಲಿ. ಆ ಪಂಕ್ತಿಗೆ ಗಂಡಸರು ಮಾತ್ರ. ದೀಪ ಎಂದರು, ಡಾಂಬರು ಎಂದರು, ಕಾರಂಜಿ ಎಂದರು. ರೊಟ್ಟಿ ಎಲ್ಲಿಂದ ಬರುತ್ತದೆಂಬುದು ಹೊಟ್ಟೆ ತುಂಬಿದವರಿಗೆ ಹೊಳೆಯಲಿಲ್ಲ. ಮಸ್ತುರಾ ಉಬ್ಬಿದ ಹಿಟ್ಟಿನ ಬೋಗುಣಿ ಹೊತ್ತು ಬಂದಾಗ ಒಲೆ ಚೂರಾಗಿ ಬಿದ್ದಿತ್ತು.

"ಅಂಗಡೀಲಿ ರೊಟ್ಟಿ ಸಿಗುತ್ತಲ್ಲ ಖೋಲಾ. ಈ ವಯಸ್ಸಲ್ಲಿ ಹೊಗೆ ಯಾಕೆ?" ಎಂದ ಹೋಶಿಮ್. ಅವಳನ್ನು ಓಣಿಯವರೆಲ್ಲ ಕರೆಯುವುದೇ ಹಾಗೆ, ಖೋಲಾ, ಚಿಕ್ಕಮ್ಮ.

"ನಿನ್ನ ಮಗಳ ಮದುವೇಲೂ ಅದನ್ನೇ ಬೀಗರ ಮುಂದಿಡು, ಮಗಾ."

ಹೋಶಿಮ್ ನಕ್ಕುಬಿಟ್ಟ. ವರನ ಮನೆಗೆ ಹೋಗುವ ರೊಟ್ಟಿಯನ್ನು ಓಣಿಯ ಹೆಂಗಸರೇ ಸೇರಿ, ಓಣಿಯ ಒಲೆಯಲ್ಲೇ ಸುಡಬೇಕು. ಅಂಗಡಿಯದು ಹೋದರೆ ಹುಡುಗಿಗೆ ನೆರೆಹೊರೆಯೇ ಇಲ್ಲವೆಂದು ಜೀವನಪೂರ್ತಿ ಆಡಿಕೊಳ್ಳುತ್ತಾರೆ. ಆ ಮದುವೆ ಶರತ್ಕಾಲದಲ್ಲಿ ನಡೆಯುವುದಿತ್ತು. ಬೇಸಿಗೆಯಿಡೀ ಮಸ್ತುರಾ ಮನೆಮನೆ ಹತ್ತಿಳಿದಳು. "ಒಲೆ ಎದ್ದು ನಿಲ್ಲೋ ತನಕ ಆ ಮನೆ ಹಿಟ್ಟಿಗೆ ಯಾರೂ ಕೈ ಹಾಕಕೂಡದು." ಎಲ್ಲರೂ ಹೂಂ ಎಂದರು. ಶಾಹ್ಲೋ ಕೂಡ.

ಮದುವೆ ಹತ್ತಿರ ಬಂದಾಗ ಹೋಶಿಮನ ಹೆಂಡತಿ ಮುಕಾದ್ದಸ್ ಒಂದು ಬಟ್ಟಲು ಹಲ್ವಾ ಮುಚ್ಚಿಕೊಂಡು ಮಸ್ತುರಾಳ ಮನೆಗೆ ಬಂದಳು.

"ಖೋಲಾ, ನಿಮ್ಮ ಅಂಗಳದಲ್ಲೇ ಹೊಸ ಒಲೆ ಹಾಕಿಸಿಕೊಡ್ತೀವಿ."

"ನನ್ನ ಅಂಗಳ ಓಣಿ ಹೇಗಾಗುತ್ತೆ? ಇದ್ದ ಜಾಗದಲ್ಲೇ ಆಗ್ಬೇಕು. ನಿನ್ನ ಗಂಡ ತನ್ನ ಕೈಯಾರೆ ಕಾರಂಜಿ ಕೀಳ್ಲಿ."

"ಅಯ್ಯೋ, ಅದರ ಫೋಟೋ ಮೇಲಿನವರಿಗೆ ಹೋಗಿಬಿಟ್ಟಿದೆ!"

"ಹಂಗಾದ್ರೆ ಬೀಗರಿಗೆ ಫೋಟೋನೇ ಬಡಿಸಿ."

ಮರುದಿನ ಮಸ್ತುರಾ ಅದೇ ಬಟ್ಟಲು ಹಿಡಿದು ಶಾಹ್ಲೋಳ ಬಾಗಿಲಿಗೆ ಬಂದಳು. ಬಟ್ಟಲು ಖಾಲಿಯಾಗಿತ್ತು. ಈ ಓಣಿಯಲ್ಲಿ ತುಂಬಿ ಬಂದ ಬಟ್ಟಲು ಖಾಲಿ ಹೋಗುವುದಿಲ್ಲ. ಹೋದರೆ ಸಂಬಂಧ ಅಲ್ಲಿಗೆ ಮುಗಿಯಿತು.

"ಖೋಲಾ, ಆ ಮದುವೆ ಹುಡುಗಿ ಏನು ತಪ್ಪು ಮಾಡಿದ್ದಾಳೆ?"

"ಏನೂ ಇಲ್ಲ. ನನ್ನ ಒಲೆ ಏನು ತಪ್ಪು ಮಾಡಿತ್ತು?" ಮಸ್ತುರಾ ಬಟ್ಟಲನ್ನು ಶಾಹ್ಲೋಳ ಕೈಗಿಟ್ಟಳು. "ನನ್ನ ಕೈಯಿಂದ ಹೋದ್ರೆ ಮುದುಕಿ ಹಟ ಅಂತಾರೆ. ಎಲ್ಲರಿಗೂ ಬೇಕಾದವಳು ನೀನು, ನಿನ್ನ ಕೈಯಿಂದ ಹೋದ್ರೆ ಓಣಿಯ ಮಾತಾಗುತ್ತೆ. ತೊಳೆದಿದ್ದೀನಿ, ಕೊಟ್ಟು ಬಾ ಮಗಳೇ. ದಾರೀಲಿ ಒಂದು ಒಣದ್ರಾಕ್ಷೀನೂ ಒಳಗೆ ಹಾಕ್ಬೇಡ. ನಿನ್ನ ಕರುಳು ನಂಗೊತ್ತು."