ಅರ್ಥ ಹೇಳಿಸದೆ ಪೆನ್ನು ಕೊಡದವರು

ಅರ್ಜಿ ಬರೆಯುವ ಕಾಕಾರ ಬಲ ಹೆಬ್ಬೆರಳಿನ ಉಗುರು ಸದಾ ನೀಲಿಯಾಗಿರುತ್ತಿತ್ತು. ಪುಣೆಯ ಕೋರ್ಟಿನ ಹೊರಗೆ ಮೇಜು ಹಾಕಿಕೊಂಡು, ಓದಲು ಬಾರದವರ ಬೆರಳನ್ನು ಇಂಕಿನ ಪ್ಯಾಡಿಗೆ ಒತ್ತಿಸಿ ಒತ್ತಿಸಿ ಹತ್ತಿದ ಬಣ್ಣ; ಯಾವ ಸಾಬೂನಿಗೂ ಹೋಗುತ್ತಿರಲಿಲ್ಲ. ವಿಜಯಪುರದ ಕಡೆಯವರು, ನಮಗೆ ನೆಂಟರಲ್ಲ, ನಮ್ಮ ಕೆಳಗಿನ ಮನೆಯಲ್ಲಿದ್ದರು.

ಅವರದೊಂದು ಪದ್ಧತಿ. ಕಾಗದದಲ್ಲಿನ ದೊಡ್ಡ ಪದಗಳ ಅರ್ಥವನ್ನು ಮೊದಲು ತಾವು ಹೇಳುವರು. ಆಮೇಲೆ ಸಹಿ ಮಾಡುವವರು ಅದನ್ನು ತಮ್ಮ ಅಡುಗೆಮನೆಯ ಮಾತಿನಲ್ಲಿ ತಿರುಗಿ ಹೇಳಬೇಕು. ಅಲ್ಲಿಯವರೆಗೆ ಪೆನ್ನು ಕಾಕಾರ ಜೇಬಿನಲ್ಲೇ. ಬೇಸತ್ತ ಗಿರಾಕಿಗಳು ಪಕ್ಕದ ಮೇಜಿಗೆ ಹೋಗುವುದೂ ಇತ್ತು. ಒಂದು ದಿನ ನಾನು ಕುಳಿತು ಎಣಿಸಿದೆ: ಬಂದವರು ಹನ್ನೊಂದು ಮಂದಿ, ಎದ್ದು ಹೋದವರು ನಾಲ್ವರು. "ಹೋಗ್ಲಿ ಬಿಡವ್ವಾ, ಅವರಿಗೆ ಬಸ್ಸಿನ ಗಡಿಬಿಡಿ ಇರ್ತದ" ಎಂದು ಕಾಕಾ ನಕ್ಕರು.

ಸಂಜೆ ಮೆಟ್ಟಿಲ ಮೇಲೆ ಕುಳಿತು ನನಗೂ ಪದಗಳನ್ನು ಬಿಡಿಸಿ ಹೇಳುತ್ತಿದ್ದರು. ವಕೀಲ ಎಂಬುದು ಅರಬ್ಬಿ ಮಾತು, ನಾವು ನಂಬಿ ಕೆಲಸ ಒಪ್ಪಿಸಿದವನು. ದಸ್ತಾವೇಜಿನ 'ದಸ್ತ್' ಎಂದರೆ ಪಾರಸಿಯಲ್ಲಿ ಕೈ. ನನ್ನ ಡೈರಿಯಲ್ಲಿ ತಾರೀಖಿನ ಸಮೇತ ಇಂಥವು ಅರವತ್ತೆರಡು ಇವೆ. ತಮಗೇ ಖಚಿತವಿಲ್ಲದ ಮೂರರ ಮುಂದೆ ಪ್ರಶ್ನಾರ್ಥಕ ಹಾಕಿಸಿದ್ದರು.

ಪುಣೆಯ ಹತ್ತಿರ ಚಾಕಣದ ಕಾರ್ಖಾನೆಯೊಂದರಲ್ಲಿದ್ದ ಅಪ್ಪ ಕೈಗೆ ಪೆಟ್ಟಾಗಿ ಎರಡು ತಿಂಗಳು ಮನೆಯಲ್ಲಿದ್ದರು. ಮರಳಿ ಹೋದಾಗ, ಹಗುರ ಕೆಲಸ ಕೊಡಿ ಎಂದು ಕೇಳಿದರು. ಆಫೀಸಿನವರು ಅದಕ್ಕೆ ಉತ್ತರಿಸದೆ, ಟೈಪು ಮಾಡಿದ ರಾಜೀನಾಮೆ ಕೊಟ್ಟು, ಸೋಮವಾರ ಸಹಿ ಮಾಡಿ ತನ್ನಿ ಎಂದರು. ಮನೆಯಲ್ಲಿ ಬೇರೆ ದುಡಿಮೆ ಇರಲಿಲ್ಲ. ಭಾನುವಾರ ಅಪ್ಪ, ಮರಾಠಿ ಸರಿಯಿದೆಯೇ ನೋಡಿ ಎಂದಷ್ಟೇ ಕೇಳಲು ಕೆಳಗಿಳಿದರು. ನಾನೂ ಹಿಂದೆ ಹೋದೆ.

ಕಾಕಾ ಓದಿದರು. ಮರಾಠಿಯಲ್ಲಿ ತಪ್ಪಿರಲಿಲ್ಲ.

"ರಾಜಿ ಅಂದ್ರ ಒಪ್ಪಿದವ, ನಾಮಾ ಅಂದ್ರ ಬರಹ. ಒಪ್ಪಿದವ ಬರದದ್ದು. ಈಗ ನೀವು ಹೇಳ್ರಿ."

ಅಪ್ಪ ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡರು. "ನಾ ಒಪ್ಪಿಲ್ರಿ ಕಾಕಾ. ಆದ್ರ ದೊಡ್ಡವರ ಜೋಡಿ ತಕರಾರು ಯಾಕ್ರಿ?" ಎಂದರು.

"ತಕರಾರು ಅಂದ್ರ ಅರಬ್ಬಿಯೊಳಗ ಜಗಳ ಅಲ್ಲ. ಹೇಳಿದ್ದನ್ನ ಮತ್ತ ಹೇಳೂದು, ಅಷ್ಟ. ಹಗುರ ಕೆಲಸ ಕೊಡ್ರಿ ಅಂತ ನೀವು ಬರೇ ಒಂದ ಸಲ ಹೇಳೀರಿ."

ಆ ಮಧ್ಯಾಹ್ನವೇ ಹಗುರ ಕೆಲಸ ಕೇಳುವ ಅರ್ಜಿ ಬರೆದುಕೊಟ್ಟರು. ಅಪ್ಪ ಒಂದೊಂದು ಸಾಲಿನ ಅರ್ಥ ಹೇಳಿ ಸಹಿ ಮಾಡಿದರು. ಸೋಮವಾರ ರಾಜೀನಾಮೆಯ ಬದಲು ಅದನ್ನು ಕೊಟ್ಟರು. ಗುರುವಾರ ಮತ್ತೆ ಕೇಳಿದರು, ಶನಿವಾರ ಮತ್ತೆ. ಐದನೆಯ ಸಲಕ್ಕೆ ಕಾರ್ಖಾನೆಯ ಸ್ಟೋರಿನಲ್ಲಿ ಹಗುರ ಕೆಲಸ ಸಿಕ್ಕಿತು. ನನ್ನ ಓದು ಮುಗಿದದ್ದು ಆ ಕೆಲಸದಿಂದ. ಅದರ ಋಣ ಯಾರದೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಕಳೆದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಅಪ್ಪ ಕಾರ್ಖಾನೆಯ ರಜೆಯ ಫಾರಂ ತಾವೇ ತುಂಬಿದರು. ತೀರಿಕೊಂಡವರ ಸಂಬಂಧ ಎಂದಿದ್ದ ಕಡೆ 'ಮನೆಯ ಹಿರಿಯರು' ಎಂದು ಬರೆದು ಸಹಿ ಹಾಕಿದರು.