ದೊಡ್ಡ ಟೀಚರ್ ಹೇಳಿದ ಡಂಗೂರದ ಪಾಠ

2006ರ ಜೂನ್ 12, ಸೋಮವಾರ, ಬೆಳಿಗ್ಗೆ 7.40. ಬಸವಕಲ್ಯಾಣದಲ್ಲಿ ಹುಮನಾಬಾದ್ ಬಸ್ಸಿನ ಕಂಬಿಗೆ ಮೊಣಕೈ ಸಿಕ್ಕಿಸಿ ಒಬ್ಬರು ಹತ್ತುತ್ತಿದ್ದರು. ಅವರ ಬೆರಳುಗಳೆಲ್ಲ ಕಿರುಬೆರಳಿನ ಕಡೆಗೆ ವಾಲಿದ್ದವು. ಗೆಣ್ಣುಗಳು ನೆಲ್ಲಿಕಾಯಿಯಷ್ಟು ಊದಿದ್ದವು. ನಾನು ಹೊಸ ಟೀಚರಾಗಿ ಸೇರಲಿದ್ದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು ಅವರೇ ಎಂದು ಹುಮನಾಬಾದಿನಲ್ಲಿ ಇಳಿದ ಮೇಲೆ ತಿಳಿಯಿತು. ಎಲ್ಲರಿಗೂ ಅವರು ದೊಡ್ಡ ಟೀಚರ್.

ಅವರಿಗೆ ರುಮಟಾಯ್ಡ್ ಸಂಧಿವಾತ. ಅದನ್ನು ಮುಚ್ಚಿಡಲಿಲ್ಲ, ಅದನ್ನೇ ಪಾಠ ಮಾಡಿದರು. ಆ ದಿನ ಅವರು ಕಲಿಸುವುದನ್ನು ನೋಡಲು ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಬರೆದುಕೊಂಡೆ.

"ಮೈಯಾಗ ಸಿಪಾಯಿಗಳು ಅದಾವ. ಕಳ್ಳ ಬಂದಾನಂತ ಯಾರೋ ಸುಳ್ಳ ಡಂಗೂರ ಹೊಡದಾರ. ಅದನ್ನ ಕೇಳಿ ಅವು ನನ್ನ ಕೀಲನ್ನೇ ಬಡಿಯಾಕತ್ತಾವ."

"ಸಿಪಾಯಿಗಳನ್ನ ಕೊಂದುಬಿಡ್ರಿ ಟೀಚರ್!" ಎಂದಳು ಒಬ್ಬಳು.

"ಹುಚ್ಚಿ, ಅವೂ ನಮ್ಮವೇ. ಈಗ ಬಯೋಲಾಜಿಕ್ ಅಂತ ಹೊಸ ಸೂಜಿ ಬಂದದ. ಅದು ಡಂಗೂರದ ಕೋಲು ಹಿಡೀತದ. ಸಪ್ಪಳ ಕಡಿಮಿ ಆದ್ರ ಸಿಪಾಯಿಗಳು ಸುಮ್ಮನ ಕುಂದರತಾವ."

"ಖರೇ ಕಳ್ಳ ಬಂದ್ರ ಹ್ಯಾಂಗ್ರಿ?" ಎಂದ ಒಬ್ಬ ಹುಡುಗ.

"ಶಾಣ್ಯಾ ಇದ್ದಿ. ಅದಕ್ಕೇ ಟಿ.ಬಿ.ಯಂಥ ಕಳ್ಳ ಒಳಗ ಇಲ್ಲಂತ ನೋಡಿಕೊಂಡೇ ಸೂಜಿ ಹಾಕ್ತಾರ."

ಅಕ್ಟೋಬರಿನಲ್ಲಿ ಅವರ ಸೂಜಿಯ ದಿನ ಗೊತ್ತಾಯಿತು. ಹೈದರಾಬಾದಿನ ಡಾಕ್ಟರು ಎಲ್ಲ ಪರೀಕ್ಷೆ ಮುಗಿಸಿದ್ದರು. ನಡುವೆ ಕೆಮ್ಮು, ಜ್ವರ ಬಂದರೆ ಹೇಳಬೇಕೆಂದೂ ಎಚ್ಚರಿಸಿದ್ದರು. ಆಮೇಲೆ ಕೆಮ್ಮು ಬಂತು. ಬಸ್ಸಿನ ವೇಳೆ ಬರೆಯುವ ನನ್ನ ಡೈರಿಯ ಅಂಚಿನಲ್ಲಿ ನಾನು ಅದನ್ನೂ ಗುರುತು ಹಾಕುತ್ತಿದ್ದೆ.

"ಟೀಚರ್, ಹದಿನೇಳು ದಿನ ಆಯ್ತ್ರಿ ಕೆಮ್ಮಾಕತ್ತು," ಎಂದೆ ಒಂದು ಬೆಳಿಗ್ಗೆ ಬಸ್ಸಿನಲ್ಲಿ.

"ನೀ ಏನ್ ಸಿ.ಐ.ಡಿ. ಏನವಾ? ಬಸ್ಸಿನ ಧೂಳಿಂದು ಅದು."

"ಭಾನುವಾರ ನಿಮ್ಮ ಮನ್ಯಾಗೂ ಕೆಮ್ಮಿದ್ರಿ. ಅಲ್ಲಿ ಯಾವ ಬಸ್ರಿ?"

ಅವರು ಕಿಟಕಿಯ ಕಡೆ ತಿರುಗಿದರು. "ಶನಿವಾರ ಸೂಜಿ ಅದ. ಒಂದೂವರೆ ವರ್ಷ ಕಾದೀನಿ. ಕೆಮ್ಮಂದ್ರ ಬ್ಯಾಡಂತಾರ. ಅಷ್ಟೊತ್ತಿಗೆ ಸೀಮೆಸುಣ್ಣ ಹಿಡಿಯೋ ಎರಡು ಬೆರಳೂ ಹೋಗ್ತಾವ."

ನಾನು ಡೈರಿ ತೆರೆದು ಆ ದಿನದ ಗುರುತು ಹಾಕಿದೆ. ಹುಮನಾಬಾದಿನಲ್ಲಿ ಇಳಿದ ಮೇಲೆ ಅವರೇ ಕೈ ಚಾಚಿದರು. "ಆ ಡೈರಿ ಕೊಡು. ಡಾಕ್ಟರಿಗೆ ತೋರಿಸ್ತೀನಿ."

ಕಫದಲ್ಲಿ ಟಿ.ಬಿ. ಸಿಕ್ಕಿತು. ಸೂಜಿ ಹಾಕಿದ್ದರೆ ಮೈತುಂಬ ಹಬ್ಬುತ್ತಿತ್ತು ಎಂದರಂತೆ ಡಾಕ್ಟರು. ಮರಳಿ ಶಾಲೆಗೆ ಬಂದ ದಿನ ಅವರು ತರಗತಿಗೆ ನನ್ನನ್ನೂ ಕರೆದೊಯ್ದರು. "ಡಂಗೂರದ ಪಾಠ ಹೇಳಿದಾಕಿ ನಾನು. ಕಳ್ಳನ್ನ ಬಚ್ಚಿಟ್ಟಾಕಿನೂ ನಾನೇ. ಹಿಡದಾಕಿ ಈಕಿ," ಎಂದು ಮಕ್ಕಳಿಂದ ಚಪ್ಪಾಳೆ ಹೊಡೆಸಿದರು. ನನಗೆ ನಾಚಿಕೆ, ಅವರಿಗೆ ಮಾತ್ರ ಹೆಮ್ಮೆಯೋ ಹೆಮ್ಮೆ!

ಆರು ತಿಂಗಳು ಗುಳಿಗೆ ನುಂಗಿದರು. ಸೀಮೆಸುಣ್ಣ ಹಿಡಿಯುವ ಬೆರಳೂ ಸೋತವು; ಅವರು ಹೇಳುವುದು, ಬೋರ್ಡಿನ ಮೇಲೆ ನಾನು ಬರೆಯುವುದು. 2007ರ ಜೂನಿನಲ್ಲಿ ಸೂಜಿ ಶುರುವಾಯಿತು. ವಾಲಿದ ಬೆರಳು ನೆಟ್ಟಗಾಗಲಿಲ್ಲ, ಆದರೆ ಊತ ಇಳಿಯಿತು. ಆಗಸ್ಟ್ 20ರಂದು, ಬೆಳಿಗ್ಗೆ 11.10ಕ್ಕೆ, ಅವರು ನನ್ನ ಕೈಯಿಂದ ಸೀಮೆಸುಣ್ಣ ಕಸಿದುಕೊಂಡು ಬೋರ್ಡಿನ ತುಂಬ ಬರೆದರು. "ಸರಿ, ಬಾಜೂಕ ನಿಲ್ಲು. ನಿನ್ನ ಅಕ್ಷರ ನೋಡಿ ನೋಡಿ ಸಾಕಾಗ್ಯಾದ."

ಅವರು ನಿವೃತ್ತರಾದ ಮರುವರ್ಷ ತೀರಿಕೊಂಡರು. ಅವರ ತರಗತಿ ಈಗ ನನ್ನದು. ತಪ್ಪು ಹೇಳಿಕೊಟ್ಟೆನೆಂದು ಮಕ್ಕಳ ಮುಂದೆ ನಾನು ಇದುವರೆಗೆ ಹದಿನಾಲ್ಕು ಸಲ ಒಪ್ಪಿಕೊಂಡಿದ್ದೇನೆ. ಒಂದು ಸಲವೂ ತಲೆ ತಗ್ಗಿಸಿಲ್ಲ.

ತೊಂಬತ್ತರ ದಶಕದ ದೊಡ್ಡ ಟೀಚರ್ ನನಗೆ ಗೊತ್ತಿಲ್ಲ. ಆಗ ಅವರ ಪಾಠ ಕೇಳಿದವರು ಹುಲಸೂರ, ಮುಡಬಿ, ಎಲ್ಲಿಯೇ ಇರಲಿ, ನೆನಪಿದ್ದಷ್ಟನ್ನು ಒಂದು ಕಾಗದದಲ್ಲಿ ಬರೆದು ನಮ್ಮ ಶಾಲೆಗೆ ಕಳಿಸಿ. ತಾರೀಖು ಮರೆತಿದ್ದರೂ ನಡೆಯುತ್ತದೆ.