ವೇದಿಕೆಯ ಮೇಲಿನ ಮುಖಗಳು

ಮೊನ್ನೆ ರಿಯಾದಿನ ನಮ್ಮ ಅಡುಗೆಮನೆಯಲ್ಲಿ ಹೆಂಡತಿಯ ಕೈತಪ್ಪಿ ವಿನೆಗರ್ ಬಾಟಲಿ ಒಡೆಯಿತು. ಆ ಹುಳಿ ವಾಸನೆ ಮೂಗಿಗೆ ಹತ್ತಿದ್ದೇ ನಾನು ಮೊದಲು ಅಂಗಡಿ ಇಟ್ಟಿದ್ದ ಥುಕ್ಬಾ ಪೇಟೆಯ ಫೋಟೋ ಸ್ಟುಡಿಯೋ ನೆನಪಾಯಿತು. ಹಳೆಯ ಸಿನಿಮಾ ರೀಲು ಕೆಡುವಾಗ ಬರುವುದೂ ಇದೇ ವಾಸನೆ ಎಂದು ಹೇಳಿಕೊಟ್ಟವರು ಆ ಸ್ಟುಡಿಯೋ ನಡೆಸುತ್ತಿದ್ದ ಹಿರಿಯರು.

ನಾವು ಅವರನ್ನು ಉಸ್ತಾದ್ ಎನ್ನುತ್ತಿದ್ದೆವು. ನನ್ನ ಸ್ಪೇರ್ ಪಾರ್ಟ್ಸ್ ಅಂಗಡಿಯ ಪಕ್ಕದಲ್ಲಿ ಇಕಾಮಾ ಎನ್ನುವ ವಾಸದ ಪರವಾನಗಿಗೆ, ಪಾಸ್‌ಪೋರ್ಟಿಗೆ ಫೋಟೋ ತೆಗೆಯುತ್ತಿದ್ದರು. ಸಮುದ್ರದಾಚೆಯ ಸಣ್ಣ ದೇಶದವರು. ಯಾವುದೆಂದು ಬರೆಯಲು ಈಗಲೂ ಧೈರ್ಯವಿಲ್ಲ. ಅವರ ಯೌವನದಲ್ಲಿ ಅಲ್ಲಿ ಕ್ರಾಂತಿಯಾಗಿ, ರಾಜ ಓಡಿಹೋಗಿ, ಹೊಸ ಸರ್ಕಾರ ಇವರ ಕೈಗೆ ಕ್ಯಾಮೆರಾ ಕೊಟ್ಟಿತ್ತು. ಬೆಟ್ಟದವರು ರಸ್ತೆ ಕಡಿಯುವುದು, ಹೆಂಗಸರು ಅಕ್ಷರ ತಿದ್ದುವುದು, ಎಲ್ಲವನ್ನೂ ಚಿತ್ರ ಹಿಡಿದು ಕರಾವಳಿಯ ಊರುಗಳಲ್ಲಿ ಬಿಳಿ ಬಟ್ಟೆ ಕಟ್ಟಿ ತೋರಿಸುತ್ತಿದ್ದರಂತೆ.

"ಬೆಟ್ಟದವರನ್ನು ಕರಾವಳಿಯವರು ನೋಡಿಯೇ ಇರಲಿಲ್ಲ. ನಾವು ತೋರಿಸಿದ ಮೇಲೆ ಅದು ಒಂದು ದೇಶ ಆದದ್ದು," ಎನ್ನುವಾಗ ಅವರ ದನಿ ಏರುತ್ತಿತ್ತು.

ಆ ಸರ್ಕಾರವೂ ಕೆಟ್ಟು ತನ್ನವರನ್ನೇ ಹಿಡಿಯತೊಡಗಿದಾಗ ಉಸ್ತಾದರು ತಪ್ಪಿಸಿಕೊಂಡು ಬಂದರು. ಕ್ರಾಂತಿಯ ಮೊದಲ ವರ್ಷದ ಸಭೆಯ ರೀಲೊಂದೇ ಜೊತೆಗಿತ್ತು. ಅದನ್ನು ಕಂಪ್ಯೂಟರಿಗೆ ಹಾಕಿಸಿ ಒಮ್ಮೆ ನನಗೆ ತೋರಿಸಿದರು. ವೇದಿಕೆಯ ತುಂಬ ಜನ. ಕೊನೆಯಲ್ಲಿ ನಿಂತ ತೆಳ್ಳಗಿನ ಯುವಕನ ಮೇಲೆ ಬೆರಳಿಟ್ಟು, "ನನ್ನ ತಮ್ಮ. ಈಗಲೂ ಅಲ್ಲೇ ಇದ್ದಾನೆ, ಬೇರೆ ಹೆಸರಲ್ಲಿ," ಎಂದರು.

ಕೆಲವು ವರ್ಷಗಳ ಹಿಂದೆ ಅಲ್ಲಿ ಮತ್ತೆ ಕ್ರಾಂತಿಯಾಯಿತು. ಹಳೆಯ ಸರ್ಕಾರವನ್ನು ಉರುಳಿಸಿ ಗೆದ್ದವರು ಇವರಿಗೆ ಫೋನ್ ಮಾಡತೊಡಗಿದರು. ದೇಶದ ಕಥೆಯನ್ನು ಡಾಕ್ಯುಮೆಂಟರಿ ಮಾಡುತ್ತಿದ್ದೇವೆ, ರೀಲು ತನ್ನಿ, ನೀವೂ ಬನ್ನಿ ಎಂದು. ಉಸ್ತಾದರು ಹೊಸ ಶರ್ಟು ಹೊಲಿಸಿದರು. ಒಂದು ಸಂಜೆ ಚಹಾ ಕುಡಿಯುತ್ತ, "ವೇದಿಕೆಯಲ್ಲಿದ್ದವರ ಹೆಸರೆಲ್ಲ ನೆನಪಿದೆಯಾ ಅಂತ ಕೇಳ್ತಿದ್ದಾರೆ," ಎಂದರು.

ನಾನು ಚಹಾದ ಲೋಟ ಕೆಳಗಿಟ್ಟೆ. "ಹೆಸರು ಅವರಿಗೆ ಎಂತಕ್ಕೆ ಉಸ್ತಾದ್? ಹೋಗಬೇಡಿ."

"ಚಿತ್ರದ ಕೆಳಗೆ ಹಾಕಲಿಕ್ಕೆ. ಇವರು ಓದಿದ ಹುಡುಗರು, ಹಳಬರ ಹಾಗಲ್ಲ ಮಾರಾಯ," ಎಂದು ನಕ್ಕರು. ಮಾರಾಯ ಎನ್ನುವುದನ್ನು ನಮ್ಮಿಂದಲೇ ಕಲಿತಿದ್ದರು.

ಸ್ಟುಡಿಯೋ ಬಿಟ್ಟು, ಎಕ್ಸಿಟ್ ವೀಸಾ ಹೊಡೆಸಿಕೊಂಡು ಹೋದರು. ಮೊದಮೊದಲು ಮೆಸೇಜು ಬರುತ್ತಿತ್ತು. ಕರೆದೊಯ್ಯಲು ಕಾರು ಬಂದಿದೆ, ಹೋಟೆಲು ಚೆನ್ನಾಗಿದೆ, ಪಾಸ್‌ಪೋರ್ಟ್ ಅವರೇ ಜೋಪಾನವಾಗಿ ಇಟ್ಟುಕೊಂಡಿದ್ದಾರೆ... ಆಮೇಲೆ ನಿಂತಿತು.

ಡಾಕ್ಯುಮೆಂಟರಿ ಮಾತ್ರ ಬಂತು. ಅಂಗಡಿಯಲ್ಲಿ ನಿಂತೇ ಮೊಬೈಲಿನಲ್ಲಿ ನೋಡಿದೆ. ಬಾವುಟ, ಸಂಗೀತ, ಬೆಟ್ಟದ ರಸ್ತೆ. ಬಳಿಕ ಒಂದು ಪರದೆಯ ಮೇಲೆ ರೀಲಿನ ಆ ವೇದಿಕೆ. ಪಕ್ಕದ ಕುರ್ಚಿಯಲ್ಲಿ ಉಸ್ತಾದರು, ಸೊರಗಿ ಅರ್ಧವಾಗಿದ್ದರು. ಒಂದೊಂದೇ ಮುಖ ತೋರಿಸಿ ಹೆಸರು ಹೇಳುತ್ತಿದ್ದರು. ಹೇಳಿದ ಮುಖದ ಸುತ್ತ ಕೆಂಪು ವೃತ್ತ ಬೀಳುತ್ತಿತ್ತು. 'ದೇಶದ್ರೋಹಿ' ಎನ್ನುತ್ತಿತ್ತು ಹಿನ್ನೆಲೆಯ ದನಿ. ಅವರಲ್ಲಿ ಯಾರು ಬದುಕಿದ್ದಾರೋ, ಯಾರು ಇಲ್ಲವೋ... ಕೊನೆಯ ಮುಖಕ್ಕೆ ಬಂದಾಗ ಕೈ ನಿಂತಿತು.

"ಇವನ ಗುರುತಿಲ್ಲ," ಎಂದರು.

ಯಾರೋ ಮತ್ತೆ ಕೇಳಿದರು. "ಗುರುತಿಲ್ಲ," ಎಂದರು ಮತ್ತೆ. ಪರದೆಯ ತುಂಬ ಆ ತಮ್ಮನ ಮುಖ ಉಳಿಯಿತು. ಕೆಳಗೆ, ಇವನನ್ನು ಬಲ್ಲವರು ತಿಳಿಸಿ ಎಂಬ ಸಾಲು.

ಕೂಡಲೇ ಉಸ್ತಾದರ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಯಾರೋ ಯುವಕ, ಬಹಳ ಮರ್ಯಾದೆಯ ದನಿ. ಉಸ್ತಾದರು ವಿಶ್ರಾಂತಿಯಲ್ಲಿದ್ದಾರೆ ಎಂದ. ತಾವು ಯಾರು, ಎಷ್ಟು ಸಮಯದ ಪರಿಚಯ, ಆ ಚಿತ್ರ ನಿಮಗೂ ತೋರಿಸಿದ್ದರಾ ಎಂದು ಕೇಳಿದ. ನಾನು ಫೋನ್ ಕಟ್ ಮಾಡಿದೆ.

ಅವರು ಇನ್ನು ನಮ್ಮ ಪಾಲಿಗಿಲ್ಲ ಎಂದು ಮನಸ್ಸು ಒಪ್ಪಿದೆ. ಆದರೂ ನಮಾಜಿನ ಬಳಿಕ ಅವರಿಗಾಗಿ ಕೈ ಎತ್ತುತ್ತೇನೆ. ಏನು ಬೇಡಬೇಕೆಂದು ಮಾತ್ರ ತಿಳಿಯುವುದಿಲ್ಲ. ಬದುಕಿರಲಿ ಎನ್ನಲು ನಾಲಿಗೆ ಏಳುವುದಿಲ್ಲ. ಬದುಕಿದ್ದರೆ, ಆ ಕುರ್ಚಿಯಲ್ಲಿ ಕೂರಿಸಿ ಅವರನ್ನು ಇನ್ನೂ ಕೇಳುತ್ತಲೇ ಇರುತ್ತಾರಲ್ಲ...